ವಿದ್ಯುತ್ ತಂತಿಯ ಬಳಿ ಎತ್ತರದ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಂದೆಗೆದು ಮನೆ ಕಟ್ಟುವ, ಕೊಳವೆಬಾವಿಯ ಮೋಟಾರ್ ಎತ್ತಿಸುವ, ಅಡಿಕೆ ಕೊನೆ ಇಳಿಸುವ, ಜಾತ್ರೆಗೆ ಚಪ್ಪರ ಹಾಕುವ ದಿನಗಳು ಬರುತ್ತಿದ್ದಂತೆ ಈ ಅಂಕಣಕ್ಕೆ ಒಂದೇ ಬಗೆಯ ಪ್ರಶ್ನೆಗಳು ಬಂದಿವೆ. ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ ಎತ್ತರದ ಏನನ್ನಾದರೂ ನಿಲ್ಲಿಸುವಾಗ ಎಷ್ಟು ದೂರ ಬಿಡಬೇಕು ಎಂಬುದೇ ಅವುಗಳ ಸಾರ. ತಪ್ಪಿದರೆ ತಿದ್ದಿಕೊಳ್ಳಲು ಎರಡನೆಯ ಅವಕಾಶವಿಲ್ಲದ ವಿಷಯವಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಕಡೆಯ ಒಂದು ಕಣಿವೆಯಲ್ಲಿದೆ, ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಎದುರಿನ ಗುಡ್ಡದಿಂದ ಇಂಟರ್ನೆಟ್ ಪಡೆಯಲು ಅಂಗಳದಲ್ಲಿ 40 ಅಡಿ ಎತ್ತರದ ಜಿ.ಐ. ಪೈಪ್ ನಿಲ್ಲಿಸಿ ತುದಿಗೆ ಆಂಟೆನಾ ಕಟ್ಟಬೇಕೆಂದಿದ್ದೇವೆ. ಪೈಪ್ ನಿಲ್ಲುವ ಜಾಗದಿಂದ ಸುಮಾರು 25 ಅಡಿ ದೂರದಲ್ಲಿ 11 ಕೆ.ವಿ. (11,000 ವೋಲ್ಟ್) ಲೈನ್ ಹೋಗಿದೆ. ನಿಯಮದ ಪ್ರಕಾರ 1.2 ಮೀಟರ್, ಅಂದರೆ 4 ಅಡಿ ಬಿಟ್ಟರೆ ಸಾಕು ಎಂದು ಕೆಲಸದವರು ಹೇಳುತ್ತಾರೆ. ಇದು ನಿಜವೇ?

ಅವರು ಹೇಳಿದ ಅಂಕಿ ನಿಜ. ಅದನ್ನು ನಿಮ್ಮ ಪೈಪಿಗೆ ಅನ್ವಯಿಸಿದ್ದು ತಪ್ಪು. 11 ಕೆ.ವಿ. ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವಿರಬೇಕು ಎಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಇರುವ ಮಾತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯಲ್ಲಿಯೂ ಅದೇ ಅಂಕಿ ಇತ್ತು. ಆದರೆ ಅದು ಕಟ್ಟಿ ಮುಗಿದು, ಅಲುಗಾಡದೆ ನಿಂತಿರುವ ಗೋಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಅಂತರ. ಗೋಡೆಯನ್ನು ಯಾರೂ ನೆಲದ ಮೇಲೆ ಮಲಗಿಸಿಟ್ಟು ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸುವುದಿಲ್ಲ, ಗಾಳಿಮಳೆಗೆ ಗೋಡೆ ಬುಡದಿಂದ ಬಾಗಿ ಪಕ್ಕದ ತಂತಿಯ ಮೇಲೆ ಒರಗುವುದೂ ಇಲ್ಲ. ಪೈಪಿನ ವಿಷಯದಲ್ಲಿ ಈ ಎರಡೂ ಆಗುತ್ತವೆ. ಹಾಗಾಗಿ ನಾನು ಈ ಅಂಕಣದ ಉದ್ದಕ್ಕೂ ಹೇಳಬೇಕೆಂದಿರುವುದು ಇದನ್ನೇ: ಅಂತರವನ್ನು ನಿಂತ ಕಂಬದಿಂದ ಅಳೆಯಬೇಡಿ, ಎತ್ತುವಾಗ ಮತ್ತು ಬೀಳುವಾಗ ಆ ಕಂಬದ ತುದಿ ಎಲ್ಲೆಲ್ಲಿ ಸುಳಿಯಬಹುದೋ ಅಲ್ಲಿಂದ ಅಳೆಯಿರಿ.

ಎತ್ತುವ ಕೆಲಸವನ್ನೇ ಸ್ವಲ್ಪ ಗಮನಿಸಿ. ಒಬ್ಬರು ಪೈಪಿನ ಬುಡವನ್ನು ಕಾಲಿನಿಂದ ಒತ್ತಿ ಹಿಡಿಯುತ್ತಾರೆ, ಇಬ್ಬರು ನಡುಭಾಗಕ್ಕೆ ಹೆಗಲು ಕೊಟ್ಟು ಮೇಲೆತ್ತುತ್ತಾ ಬುಡದ ಕಡೆಗೆ ನಡೆದುಬರುತ್ತಾರೆ, ಇನ್ನೊಬ್ಬರು ಎದುರಿನಿಂದ ಹಗ್ಗ ಎಳೆಯುತ್ತಾರೆ. ಪೈಪ್ ಮುಕ್ಕಾಲು ಭಾಗ ಎದ್ದಮೇಲೆ ಕೈಗೆ ಸಿಗುವುದು ಬುಡದ ಐದಾರು ಅಡಿ ಮಾತ್ರ. ಮೇಲಿನ ಮೂವತ್ತೈದು ಅಡಿಯನ್ನು ಹಿಡಿತದಲ್ಲಿಡುವುದು ಆ ಹಗ್ಗವೊಂದೇ. ತುದಿಯಲ್ಲಿ ಆಂಟೆನಾ ಬೇರೆ ಕಟ್ಟಿದ್ದರೆ ಒಂದು ಗಾಳಿ ಬೀಸಿದರೂ ಪೈಪ್ ತನಗೆ ಬೇಕಾದ ದಿಕ್ಕಿಗೆ ವಾಲುತ್ತದೆ. ಆ ಕ್ಷಣದಲ್ಲಿ ಪೈಪ್ ಹಿಡಿದವರೆಲ್ಲರ ಬೆವರಿದ ಕೈಗಳು ಒಂದೇ ಕಬ್ಬಿಣದ ಮೇಲಿರುತ್ತವೆ, ಕಾಲುಗಳು ಹಸಿ ನೆಲದ ಮೇಲಿರುತ್ತವೆ. ಇಂತಹ ಅಪಘಾತಗಳಲ್ಲಿ ಒಬ್ಬರಲ್ಲ, ಇಬ್ಬರು ಮೂವರು ಒಟ್ಟಿಗೆ ಸಾಯುವುದು ಈ ಕಾರಣಕ್ಕೆ.

ಲೆಕ್ಕ ಹಾಕುವುದು ಸುಲಭ. ಪೈಪಿನ ಪೂರ್ಣ ಉದ್ದಕ್ಕೆ ಆಂಟೆನಾದ ಚಾಚುವಿಕೆಯನ್ನು ಸೇರಿಸಿ, ಅದಕ್ಕೆ ಮತ್ತೆ ಕನಿಷ್ಠ 3.7 ಮೀಟರ್, ಅಂದರೆ 12 ಅಡಿ ಕೂಡಿಸಿ. ನಿಮ್ಮ ಪೈಪ್ 40 ಅಡಿ, ಆಂಟೆನಾ 3 ಅಡಿ, ಅಂತರ 12 ಅಡಿ ಎಂದಿಟ್ಟುಕೊಂಡರೆ 55 ಅಡಿ ಆಯಿತು. ನಾನಾದರೆ ದುಂಡಗೆ 60 ಅಡಿ ಎನ್ನುತ್ತೇನೆ. ಈ ದೂರವನ್ನು ಲೈನಿನ ನಡುತಂತಿಯಿಂದಲ್ಲ, ನಿಮ್ಮ ಕಡೆಗಿರುವ ಹೊರತಂತಿಯ ನೇರ ಕೆಳಗಿನ ನೆಲದಿಂದ ಅಳೆಯಬೇಕು. ನಿಮ್ಮ 25 ಅಡಿ ಇದರ ಅರ್ಧವೂ ಆಗದು. ಆದ್ದರಿಂದ ಪೈಪನ್ನು ಮನೆಯ ಹಿಂಬದಿಗೆ ಅಥವಾ ತೋಟದ ಮೇಲ್ಭಾಗಕ್ಕೆ ಒಯ್ದು, ಅಲ್ಲಿಂದ ಕೇಬಲ್ ಎಳೆದುಕೊಳ್ಳಿ. ಗುಡ್ಡದ ಮೇಲ್ಬದಿಯಲ್ಲಿ ನಿಲ್ಲಿಸಿದರೆ ಪೈಪಿನ ಎತ್ತರವನ್ನೇ ತಗ್ಗಿಸಬಹುದು, ಅದು ಎಲ್ಲಕ್ಕಿಂತ ಒಳ್ಳೆಯದು. ಎತ್ತುವ ದಿನ ಲೈನ್ ಬಂದ್ ಮಾಡಿಸಿ ಈಗಿನ ಜಾಗದಲ್ಲಿಯೇ ನಿಲ್ಲಿಸಬಹುದೇ ಎಂದು ನೀವು ಕೇಳಬಹುದು. ನಿಲ್ಲಿಸುವ ದಿನವೇನೋ ಸುರಕ್ಷಿತವಾಗಿ ಕಳೆಯಬಹುದು. ಆದರೆ ಮುಂದಿನ ಜೂನಿನ ಗಾಳಿಗೆ ಪೈಪ್ ಬೀಳುವ ರಾತ್ರಿ ಲೈನ್ ಬಂದ್ ಆಗಿರುತ್ತದೆ ಎಂದು ಯಾರು ಹೇಳಬಲ್ಲರು? ಬಿದ್ದರೂ ತಂತಿಗೆ ತಾಗದಷ್ಟು ದೂರವೇ ನಿಜವಾದ ರಕ್ಷಣೆ.

ಸ್ಟೇ ತಂತಿಗಳ ಬಗ್ಗೆ ಒಂದು ಮಾತು. ಪೈಪ್ ದೂರವಿದ್ದು, ಅದನ್ನು ಬಿಗಿದ ಸ್ಟೇ ತಂತಿಯೊಂದು ವಿದ್ಯುತ್ ಲೈನಿನ ಕೆಳಗೆ ಗೂಟಕ್ಕೆ ಕಟ್ಟಲ್ಪಟ್ಟಿದ್ದರೆ, ಅದು ತುಂಡಾದಾಗ ಮೇಲಕ್ಕೆ ಚಿಮ್ಮಿ ಲೈನಿಗೆ ತಾಗುತ್ತದೆ. ಗೂಟಗಳನ್ನೂ ಲೈನಿನಿಂದ ದೂರವೇ ಇರಿಸಿ.

ಪ್ರಶ್ನೆ: ತುಮಕೂರಿನ ಹೊಸ ಬಡಾವಣೆಯೊಂದರಲ್ಲಿ ನಮ್ಮ ನಿವೇಶನವಿದೆ. ಒಂದು ಬದಿಯಲ್ಲಿ 11 ಕೆ.ವಿ. ಲೈನ್, ಸ್ವಲ್ಪ ದೂರದಲ್ಲಿ ಉಕ್ಕಿನ ಗೋಪುರಗಳ ದೊಡ್ಡ ಲೈನ್ ಇದೆ. ನೆಲಮಹಡಿ ಕಟ್ಟಿಯಾಗಿದೆ, ಈಗ ಮೇಲಂತಸ್ತು ಕಟ್ಟಬೇಕು. ತಂತಿಗೆ ಪ್ಲಾಸ್ಟಿಕ್ ಪೈಪ್ ಹಾಕಿಸಿಕೊಂಡರೆ ತೊಂದರೆಯಿಲ್ಲ ಎನ್ನುತ್ತಾರೆ ಮೇಸ್ತ್ರಿ. ನಿಯಮ ಏನು ಹೇಳುತ್ತದೆ?

ಮನೆಗಳಿಗೆ ವಿದ್ಯುತ್ ಕೊಡುವ ಸಾಮಾನ್ಯ ಎಲ್.ಟಿ. (ಕಡಿಮೆ ವೋಲ್ಟೇಜಿನ) ಲೈನ್ ಕಟ್ಟಡದ ಮೇಲೆ ಹಾದುಹೋದರೆ ಛಾವಣಿಯ ಅತ್ಯಂತ ಎತ್ತರದ ಭಾಗದಿಂದ 2.5 ಮೀಟರ್, ಪಕ್ಕದಲ್ಲಿ ಹೋದರೆ 1.2 ಮೀಟರ್ ಅಂತರವಿರಬೇಕು. 11 ಕೆ.ವಿ. ಲೈನಿಗೆ ಮೇಲ್ಮುಖವಾಗಿ 3.7 ಮೀಟರ್, ಅಡ್ಡಲಾಗಿ 1.2 ಮೀಟರ್. 33 ಕೆ.ವಿ. ಲೈನಿಗೆ ಮೇಲ್ಮುಖ ಅಂತರ ಅಷ್ಟೇ, ಅಡ್ಡ ಅಂತರ 2 ಮೀಟರ್. ಅದಕ್ಕಿಂತ ಹೆಚ್ಚಿನ ಲೈನುಗಳಿಗೆ ಪ್ರತಿ 33 ಕೆ.ವಿ.ಗೆ, ಅಥವಾ ಅದರ ಭಾಗಕ್ಕೂ, 0.3 ಮೀಟರಿನಂತೆ ಎರಡೂ ಅಂತರಗಳನ್ನು ಹೆಚ್ಚಿಸುತ್ತಾ ಹೋಗಬೇಕು. ಹಾಗೆ ಲೆಕ್ಕ ಹಾಕಿದರೆ 66 ಕೆ.ವಿ.ಗೆ ಮೇಲ್ಮುಖವಾಗಿ 4 ಮೀಟರ್, ಅಡ್ಡಲಾಗಿ 2.3 ಮೀಟರ್, 110 ಕೆ.ವಿ.ಗೆ 4.6 ಮತ್ತು 2.9 ಮೀಟರ್, 220 ಕೆ.ವಿ.ಗೆ 5.5 ಮತ್ತು 3.8 ಮೀಟರ್ ಆಗುತ್ತದೆ.

ಈ ಅಂಕಿಗಳನ್ನು ಬರೆದುಕೊಂಡು ನೇರವಾಗಿ ಟೇಪ್ ಹಿಡಿಯುವ ಮೊದಲು ಎರಡು ಸಂಗತಿಗಳನ್ನು ತಿಳಿದಿರಬೇಕು. ಮೇಲ್ಮುಖ ಅಂತರವನ್ನು ತಂತಿ ಅತಿ ಹೆಚ್ಚು ಜೋತುಬಿದ್ದ ಸ್ಥಿತಿಯಿಂದ ಅಳೆಯಬೇಕು, ಅಡ್ಡ ಅಂತರವನ್ನು ತಂತಿ ಗಾಳಿಗೆ ಅತಿ ಹೆಚ್ಚು ಓಲಾಡಿ ನಿಮ್ಮ ಕಡೆಗೆ ಬಂದ ಸ್ಥಿತಿಯಿಂದ ಅಳೆಯಬೇಕು ಎಂದು ನಿಯಮವೇ ಹೇಳುತ್ತದೆ. ನೀವು ಬೆಳಿಗ್ಗೆ ತಂಪಿನಲ್ಲಿ, ಗಾಳಿಯಿಲ್ಲದಾಗ ನೋಡಿದ ತಂತಿ ಆ ಸ್ಥಿತಿಯಲ್ಲಿರುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ಲೈನಿನ ಮೇಲೆ ಹೊರೆ ಹೆಚ್ಚಿದ್ದಾಗ ಅಲ್ಯೂಮಿನಿಯಂ ತಂತಿ ಕಾದು ಹಿಗ್ಗುತ್ತದೆ. ಹಿಗ್ಗುವುದು ಸ್ವಲ್ಪವೇ, ಆದರೆ ಇಳಿಯುವುದು ಬಹಳ. ಎರಡು ಗೋಪುರಗಳ ನಡುವೆ 300 ಮೀಟರ್ ಅಂತರವಿದ್ದು, ತಂತಿ ನಡುವಿನಲ್ಲಿ 6 ಮೀಟರ್ ಜೋತಿದೆ ಎಂದಿಟ್ಟುಕೊಳ್ಳಿ. ಅದರ ಒಟ್ಟು ಉದ್ದ ಬರೀ 20 ಸೆಂಟಿಮೀಟರ್ ಹೆಚ್ಚಾದರೂ ನಡುಭಾಗ ಒಂದೂವರೆ ಮೀಟರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಅಳೆದು ಸಾಕಷ್ಟಿದೆ ಎಂದು ಸಮಾಧಾನಪಟ್ಟ ಅಂತರ ಬೇಸಿಗೆಗೆ ಹೀಗೆ ಕರಗುತ್ತದೆ. ಅಲ್ಲದೆ, ದಯವಿಟ್ಟು ಲೋಹದ ಟೇಪನ್ನಾಗಲಿ ಕೋಲನ್ನಾಗಲಿ ಎತ್ತಿ ತಂತಿಯ ಎತ್ತರವನ್ನು ಅಳೆಯಲು ಹೋಗಬೇಡಿ. ಅದನ್ನು ವಿದ್ಯುತ್ ಕಂಪನಿಯವರು ನೆಲದಲ್ಲಿ ನಿಂತೇ ಅಳೆಯಬಲ್ಲರು.

ಎರಡನೆಯದು ಕಾನೂನಿನ ಮಾತು. ಲೈನ್ ಮೊದಲೇ ಇದ್ದು ಆಮೇಲೆ ಕಟ್ಟುವವರು ನೀವಾದರೆ, ಕಟ್ಟುವ ಮೊದಲು ನೀವು ಮತ್ತು ನಿಮ್ಮ ಗುತ್ತಿಗೆದಾರರು ಇಬ್ಬರೂ ಲೈನಿನ ಒಡೆಯರಿಗೆ ಮತ್ತು ವಿದ್ಯುತ್ ಪರಿವೀಕ್ಷಕರಿಗೆ ಅಳತೆಯ ನಕ್ಷೆಯೊಂದಿಗೆ ಲಿಖಿತವಾಗಿ ತಿಳಿಸಬೇಕು. 11 ಕೆ.ವಿ. ಲೈನಿಗೆ ನಿಮ್ಮಲ್ಲಿ ಬೆಸ್ಕಾಂ, ಗೋಪುರದ ಲೈನಿಗೆ ಸಾಮಾನ್ಯವಾಗಿ ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆ.ಪಿ.ಟಿ.ಸಿ.ಎಲ್. ಒಡೆಯರು. ತಂತಿಗೆ ಹೊದಿಕೆ ಇರಲಿ, ಇಲ್ಲದಿರಲಿ, ಕಟ್ಟಡ ಶಾಶ್ವತವಾಗಿರಲಿ, ತಾತ್ಕಾಲಿಕವಾಗಿರಲಿ, ಈ ನಿಯಮ ಅನ್ವಯಿಸುತ್ತದೆ. ಮೇಸ್ತ್ರಿ ಹೇಳಿದ ಪ್ಲಾಸ್ಟಿಕ್ ಪೈಪಿನ ಉಪಾಯಕ್ಕೆ ಉತ್ತರ ಅಲ್ಲಿಯೇ ಇದೆ. ಸೀಳಿದ ಪಿ.ವಿ.ಸಿ. ಪೈಪನ್ನು ತಂತಿಗೆ ತೊಡಿಸಿದರೆ ಅದು 11 ಕೆ.ವಿ.ಗೆ ನಿರೋಧಕವಾಗುವುದಿಲ್ಲ. ಬಿಸಿಲಿಗೆ ಅದು ಬಿರುಕು ಬಿಡುತ್ತದೆ, ಸೀಳಿನಲ್ಲಿ ಮಳೆನೀರು ಸೇರುತ್ತದೆ. ಅಂತರವಿಲ್ಲದ ಕಡೆ ಅಂತರವಿದೆ ಎಂಬ ಧೈರ್ಯವನ್ನು ಮಾತ್ರ ಅದು ಕೊಡುತ್ತದೆ, ಆ ಧೈರ್ಯ ಬಹಳ ಅಪಾಯಕಾರಿ.

ಲೈನ್ ಸ್ಥಳಾಂತರಿಸಲು ಅಥವಾ ಆ ಭಾಗದಲ್ಲಿ ಕೇಬಲ್ ಹಾಕಿಸಲು ಸಾಧ್ಯವೇ ಎಂದು ಅರ್ಜಿ ಕೊಟ್ಟರೆ ಕಂಪನಿ ಅಂದಾಜು ವೆಚ್ಚ ತಿಳಿಸುತ್ತದೆ, ಹಣ ಕಟ್ಟಿದ ಮೇಲೆ ಕೆಲಸ ಆಗುತ್ತದೆ. ಲೈನ್ ಮೊದಲಿನದಾಗಿದ್ದು ನಿಯಮದಂತೆಯೇ ಎಳೆಯಲ್ಪಟ್ಟಿದ್ದರೆ ವೆಚ್ಚ ಕಟ್ಟುವವರ ಮೇಲೆ ಬೀಳುತ್ತದೆ. ಇದು ಕಷ್ಟವೆಂದು ನನಗೆ ಗೊತ್ತು. ಆದರೂ ಮೇಲಂತಸ್ತಿನ ಸೆಂಟ್ರಿಂಗ್, ಸಾರುವೆ, 12 ಮೀಟರ್ ಉದ್ದದ ಕಬ್ಬಿಣದ ಸರಳುಗಳು ಇವೆಲ್ಲ ಕೆಲಸ ಮುಗಿದ ಗೋಡೆಗಿಂತ ಹೊರಗೆ ಚಾಚುವ ವಸ್ತುಗಳು. ಗೋಡೆಗೆ 1.2 ಮೀಟರ್ ಇದ್ದರೆ ಸಾರುವೆಗೆ ಏನೂ ಉಳಿಯುವುದಿಲ್ಲ. ಛಾವಣಿಯ ಮೇಲೆ ನಿಂತು ಸರಳನ್ನು ತಿರುಗಿಸುವ ಹುಡುಗನಿಗೆ ಹಿಂದೆ ತಂತಿ ಇರುವುದು ಕಾಣುವುದಿಲ್ಲ. ಆದ್ದರಿಂದ ಆ ಬದಿಯ ಕೆಲಸ ನಡೆಯುವಷ್ಟು ದಿನ ವಿದ್ಯುತ್ ನಿಲುಗಡೆ ಕೇಳಿ ಪಡೆಯಿರಿ, ಸರಳುಗಳನ್ನು ಇನ್ನೊಂದು ಬದಿಯಿಂದ ಮೇಲೇರಿಸಿ.

ಗೋಪುರದ ಲೈನ್ ಎಷ್ಟು ಕೆ.ವಿ. ಎಂದು ಪಿಂಗಾಣಿ ಬಿಲ್ಲೆಗಳನ್ನು ಎಣಿಸಿ ಅಂದಾಜು ಮಾಡುವವರಿದ್ದಾರೆ. 66 ಕೆ.ವಿ.ಗೆ ಐದಾರು, 220 ಕೆ.ವಿ.ಗೆ ಹದಿಮೂರು ಹದಿನಾಲ್ಕು ಬಿಲ್ಲೆಗಳು ಇರುವುದು ರೂಢಿ. ಆದರೆ ಈಗ ಬಿಲ್ಲೆಗಳ ಬದಲು ಒಂದೇ ತುಂಡಿನ ಪಾಲಿಮರ್ ಇನ್ಸುಲೇಟರ್ ಹಾಕಿದ ಲೈನುಗಳೂ ಇವೆ. ಗೋಪುರದ ಮೇಲಿನ ಅಪಾಯ ಫಲಕದಲ್ಲಿ ಬರೆದಿರುವುದನ್ನು ಓದಿ, ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಹೈಟೆನ್ಷನ್ ತಂತಿ ಹತ್ತಿರ ಹೋದವರನ್ನು ಎಳೆದುಕೊಳ್ಳುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಎಷ್ಟು ದೂರದಿಂದ ಎಳೆಯುತ್ತದೆ?

ತಂತಿ ಯಾರನ್ನೂ ಎಳೆಯುವುದಿಲ್ಲ. ಲೋಹವನ್ನು ಹಿಡಿದ ಕೈಯಲ್ಲಿ ವಿದ್ಯುತ್ ಹರಿದಾಗ ಸ್ನಾಯುಗಳು ಬಿಗಿದುಕೊಂಡು ಹಿಡಿತ ಬಿಡಲಾಗುವುದಿಲ್ಲ. ನೋಡುವವರಿಗೆ ಎಳೆದುಕೊಂಡಂತೆ ಕಾಣುತ್ತದೆ. ಗಾಳಿಯನ್ನು ಸೀಳಿಕೊಂಡು ಕಿಡಿ ಹಾರುವುದು ನಿಜ, ಆದರೆ 11 ಕೆ.ವಿ.ಯಲ್ಲಿ ಆ ದೂರ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚಲ್ಲ. 220 ಅಥವಾ 400 ಕೆ.ವಿ. ಲೈನುಗಳಲ್ಲಿ ಅದು ಬಹಳ ಹೆಚ್ಚು, ಅಲ್ಲಿ ಮುಟ್ಟುವ ಅಗತ್ಯವೇ ಇಲ್ಲ. 11 ಕೆ.ವಿ.ಗೆ ಮೀಟರುಗಟ್ಟಲೆ ಅಂತರ ಬೇಕೆನ್ನುವುದು ಕಿಡಿಯ ಭಯದಿಂದಲ್ಲ. ತಂತಿ ಓಲಾಡುತ್ತದೆ, ಜೋಲುತ್ತದೆ, ನಮ್ಮ ಕೈಯ ವಸ್ತು ವಾಲುತ್ತದೆ, ಕೆಳಗಿನಿಂದ ನೋಡುವ ಕಣ್ಣು ದೂರವನ್ನು ತಪ್ಪಾಗಿ ಅಂದಾಜಿಸುತ್ತದೆ. ಅಮೆರಿಕದ ಕೆಲಸದ ಸ್ಥಳದ ಸುರಕ್ಷತಾ ನಿಯಮಗಳು 50 ಕೆ.ವಿ.ವರೆಗಿನ ತಂತಿಯಿಂದ ಕ್ರೇನಿನ ಯಾವ ಭಾಗವೂ 10 ಅಡಿಗಿಂತ ಹತ್ತಿರ ಹೋಗಬಾರದು ಎನ್ನುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಶಿರಸಿ ಬಳಿ ನಮಗೆ ಅಡಿಕೆ ತೋಟವಿದೆ. ಮರ ಹತ್ತುವವರು ಸಿಗದೆ ಕಾರ್ಬನ್ ಫೈಬರ್ ದೋಟಿ ತಂದಿದ್ದೇವೆ. ಅಲ್ಯೂಮಿನಿಯಂ ದೋಟಿಯಂತೆ ಇದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಕೇಳಿದ್ದೇವೆ. ತೋಟದ ಮಧ್ಯೆ 11 ಕೆ.ವಿ. ಲೈನ್ ಇದೆ.

ಈ ಪತ್ರ ಓದಿ ನನಗೆ ಗಾಬರಿಯಾಯಿತು, ಏಕೆಂದರೆ ಈ ನಂಬಿಕೆ ನಿಮ್ಮೊಬ್ಬರದಲ್ಲ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಅಲ್ಯೂಮಿನಿಯಂನಷ್ಟು ಸುಲಭವಾಗಿ ಅಲ್ಲದಿದ್ದರೂ, 11 ಕೆ.ವಿ. ತಂತಿಗೆ ತಾಗಿದಾಗ ಮನುಷ್ಯನ ಜೀವ ತೆಗೆಯಲು ಬೇಕಾದಷ್ಟಕ್ಕಿಂತ ಎಷ್ಟೋ ಹೆಚ್ಚು ವಿದ್ಯುತ್ತನ್ನು ಅದು ಸಾಗಿಸುತ್ತದೆ. ಬುಡದಲ್ಲಿ ಗ್ಲಾಸ್ ಫೈಬರಿನ ತುಂಡು ಸೇರಿಸಿದ ದೋಟಿಗಳಿದ್ದರೂ, ತೋಟದ ಇಬ್ಬನಿ, ಬೋರ್ಡೋ ದ್ರಾವಣದ ಲೇಪ, ಕೈಯ ಬೆವರು ಮೆತ್ತಿಕೊಂಡ ಮೇಲೆ ಆ ತುಂಡನ್ನು ನಂಬಿ ತಂತಿಯ ಬಳಿ ಹೋಗುವುದು ಸರಿಯಲ್ಲ. ಹಸಿ ಬಿದಿರಿನ ಗಳವೂ ಅಷ್ಟೇ.

ದೋಟಿಯಲ್ಲಿ ಅಪಾಯದ ಗಳಿಗೆ ಕೊನೆ ಕತ್ತರಿಸುವುದಲ್ಲ. ಕತ್ತರಿಸುವಾಗ ಕಣ್ಣು ತುದಿಯ ಮೇಲೆಯೇ ಇರುತ್ತದೆ, ಮರವೂ ಆಸರೆಯಾಗಿರುತ್ತದೆ. ಒಂದು ಮರ ಮುಗಿಸಿ ಮುಂದಿನ ಮರಕ್ಕೆ ನಡೆಯುವಾಗ ದೋಟಿಯನ್ನು ಮಡಚದೆ, ನೆಟ್ಟಗೆ ಹಿಡಿದುಕೊಂಡೇ ಹೋಗುವುದು ರೂಢಿ. ಆಗ ಕಣ್ಣು ಕಾಲಿನ ಬಳಿಯ ಬಸಿಗಾಲುವೆಯ ಮೇಲಿರುತ್ತದೆ, 50 ಅಡಿ ಮೇಲೆ ತುದಿ ಎಲ್ಲಿ ತೂಗುತ್ತಿದೆ ಎಂಬುದು ಸೋಗೆಗಳ ಮರೆಯಲ್ಲಿ ಕಾಣುವುದಿಲ್ಲ. ರಸ್ತೆಯಲ್ಲದ ಕಡೆ 11 ಕೆ.ವಿ. ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ 15 ಅಡಿ ಎತ್ತರದಲ್ಲಿದ್ದರೆ ನಿಯಮಕ್ಕೆ ಸಾಕು. ನಿಮ್ಮ ದೋಟಿ ಅದರ ಮೂರುಪಟ್ಟಿಗಿಂತ ಉದ್ದ.

ಆದ್ದರಿಂದ ದೋಟಿಯ ಪೂರ್ಣ ಉದ್ದಕ್ಕೆ 12 ಅಡಿ ಸೇರಿಸಿ, ಲೈನಿನ ಎರಡೂ ಬದಿಗೆ ಅಷ್ಟು ದೂರದ ಮರಗಳಿಗೆ ಬಣ್ಣದ ಗುರುತು ಹಾಕಿ. ಗುರುತಿನ ಒಳಗಿನ ಮರಗಳ ಕೊಯ್ಲನ್ನು ಬೇರೆ ದಿನಕ್ಕೆ ಇಟ್ಟುಕೊಂಡು, ಹೆಸ್ಕಾಂ ಶಾಖಾ ಕಚೇರಿಗೆ ಮುಂಚಿತವಾಗಿ ಪತ್ರ ಕೊಟ್ಟು, ಲೈನ್‌ಮ್ಯಾನ್ ಬಂದು ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಇಟ್ಟು ಕೆಲಸ ಮಾಡಲು ಉಪಕೇಂದ್ರದ ಅನುಮತಿ) ಪಡೆದು ಲೈನ್ ಬಂದ್ ಮಾಡಿ ಅರ್ಥ್ ಮಾಡಿದ ಮೇಲೆ ಮಾತ್ರ ಮಾಡಿಸಿ. ಔಷಧಿ ಸಿಂಪಡಣೆಯ ಸುತ್ತಿಗೂ ಇದೇ ಕ್ರಮ. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಒಂದೇ ದಿನ ಗೊತ್ತು ಮಾಡಿಕೊಂಡರೆ ಕಚೇರಿಯವರಿಗೂ ಒಪ್ಪಿಗೆ ಕೊಡುವುದು ಸುಲಭ. ಗುರುತಿನ ಆಚೆಗೂ, ಮರದಿಂದ ಮರಕ್ಕೆ ಹೋಗುವಾಗ ದೋಟಿಯನ್ನು ಇಳಿಸಿ, ಅಡ್ಡಲಾಗಿ ಹಿಡಿದೇ ನಡೆಯುವ ಅಭ್ಯಾಸವನ್ನು ಕೆಲಸದವರಿಗೆ ಮಾಡಿಸಿ. ಲೈನಿನ ಕೆಳಗಿನ ಜಾಗದಲ್ಲಿ ಹೊಸದಾಗಿ ಅಡಿಕೆ ಸಸಿ ನೆಡಬೇಡಿ. ಕಾಳುಮೆಣಸಿಗೆ ಬುಷ್ ಪೆಪ್ಪರ್, ಅಥವಾ ಅನಾನಸ್ ಆದೀತು.

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ರೈತ ನಾನು. ಕೊಳವೆಬಾವಿಯ ಮೋಟಾರ್ ಎತ್ತಿಸಬೇಕು. ಬಾವಿಯ ನೆತ್ತಿಯ ಮೇಲೆಯೇ ಎಂಬಂತೆ ತಂತಿ ಇದೆ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಎತ್ತಿದರೆ ಭಯವಿಲ್ಲ ಎನ್ನುತ್ತಾರೆ ಮೆಕ್ಯಾನಿಕ್.

ತ್ರೀ ಫೇಸ್ ಇಲ್ಲದ ಹೊತ್ತು ಎಂದರೆ ತಂತಿ ಸತ್ತ ಹೊತ್ತು ಅಲ್ಲ. ಸಿಂಗಲ್ ಫೇಸ್ ಕೊಡುವಾಗಲೂ 11 ಕೆ.ವಿ. ತಂತಿಯಲ್ಲಿ ವಿದ್ಯುತ್ ಇರುತ್ತದೆ. ನಿಮ್ಮ ಸ್ಟಾರ್ಟರಿನ ದೀಪ ಆರಿರುವುದು ನಿಮ್ಮ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಫ್ಯೂಸ್ ಹೋದದ್ದರಿಂದಲೂ ಆಗಿರಬಹುದು. ಆಗಲೂ ಮೇಲಿನ ತಂತಿ ಜೀವಂತವೇ. ಇನ್ನು, ಪೂರ್ತಿ ಬಂದ್ ಆಗಿದ್ದರೂ ಉಪಕೇಂದ್ರದಲ್ಲಿ ಕುಳಿತವರಿಗೆ ನಿಮ್ಮ ಹೊಲದಲ್ಲಿ ಪೈಪ್ ಎತ್ತುತ್ತಿರುವುದು ಗೊತ್ತಿಲ್ಲ, ಅವರು ಯಾವ ಕ್ಷಣದಲ್ಲಾದರೂ ಸ್ವಿಚ್ ಹಾಕಬಹುದು. ನಿಮ್ಮ ಹೆಸರಿನಲ್ಲಿ ಎಲ್.ಸಿ. ಪಡೆದು, ತಂತಿಗಳನ್ನು ಅರ್ಥ್ ಮಾಡಿದರೆ ಮಾತ್ರ ಆ ಲೈನ್ ನಿಮ್ಮ ಕೆಲಸಕ್ಕೆ ಸತ್ತಿದೆ ಎಂದು ಅರ್ಥ.

ಜಿ.ಐ. ಪೈಪ್ ಒಂದೊಂದೂ 20 ಅಡಿ. ಮೂರು ಕಾಲಿನ ಸ್ಟ್ಯಾಂಡಿಗೆ ಚೈನ್ ಪುಲ್ಲಿ ಕಟ್ಟಿ ಪೈಪನ್ನು ಪೂರ್ತಿ ಮೇಲೆತ್ತಿ, ಕ್ಲ್ಯಾಂಪ್ ಬಿಗಿದು, ಕಾಲರ್ ಬಿಚ್ಚುತ್ತಾರೆ. ಬಿಚ್ಚಿಕೊಂಡ ಕೂಡಲೇ ಪೈಪಿನ ಕೆಳತುದಿ ಸಡಿಲವಾಗಿ ಪಕ್ಕಕ್ಕೆ ಜಾರುತ್ತದೆ, ಅದನ್ನು ಹಿಡಿಯಲು ಒಬ್ಬರು ಧಾವಿಸುತ್ತಾರೆ, ಮೇಲ್ತುದಿ ಎದುರು ದಿಕ್ಕಿಗೆ ಬೀಸುತ್ತದೆ. ತಂತಿಗೆ ತಾಗುವುದು ಬಹುಮಟ್ಟಿಗೆ ಈ ಕ್ಷಣದಲ್ಲಿ. ನಿಮ್ಮ ಬಾವಿಯ ನೆತ್ತಿಯ ಮೇಲೆಯೇ ತಂತಿ ಇರುವುದರಿಂದ ಎಚ್ಚರದಿಂದ ಮಾಡುತ್ತೇವೆ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ, ನಿಲುಗಡೆ ಪಡೆಯದೆ ಎತ್ತಲೇಬಾರದು. ಮುಂದಿನ ಬಾರಿ ಇಳಿಸುವಾಗ ಕಬ್ಬಿಣದ ಪೈಪಿನ ಬದಲು ಸುರುಳಿಯಾಗಿ ಬಾಗುವ ಎಚ್.ಡಿ.ಪಿ.ಇ. ಪೈಪ್ ನಿಮ್ಮ ಬಾವಿಯ ಆಳಕ್ಕೆ ಒಗ್ಗುತ್ತದೆಯೇ ಎಂದು ವಿಚಾರಿಸಿ. ಅದನ್ನು ನೆಲದ ಮಟ್ಟದಲ್ಲಿಯೇ ಎಳೆದು ಹೊರತೆಗೆಯಬಹುದು. ಹೊಸ ಬಾವಿ ಕೊರೆಸುವವರಂತೂ ನೀರಿನ ಸೆಲೆ ತೋರಿಸಿದ ಬಿಂದುವನ್ನು ನೋಡಿದ ಹಾಗೆಯೇ ತಲೆಯೆತ್ತಿ ಮೇಲೆಯೂ ನೋಡಬೇಕು. ರಿಗ್ ಲಾರಿಯ ಮಾಸ್ಟ್ ಏಳುವ ಜಾಗ, ಮುಂದೆ ಇಪ್ಪತ್ತು ವರ್ಷ ಮೋಟಾರ್ ಎತ್ತಿ ಇಳಿಸುವ ಜಾಗವೂ ಹೌದು.

ಪ್ರಶ್ನೆ: ಊರ ಹಬ್ಬಕ್ಕೆ ಸ್ವಾಗತ ಕಮಾನು, ಕಟೌಟ್ ನಿಲ್ಲಿಸುವುದು ಒಂದೆರಡು ದಿನದ ಮಾತು. ಅದಕ್ಕೂ ಅನುಮತಿ ಬೇಕೇ? ತೇರಿನ ವಿಷಯದಲ್ಲಿ ಏನು ಮಾಡಬೇಕು? (ಹಾವೇರಿ ಜಿಲ್ಲೆಯ ಒಂದು ಹಬ್ಬದ ಸಮಿತಿಯಿಂದ)

ಬೇಕು. ಅಂತರದ ನಿಯಮದ ಮಟ್ಟಿಗೆ ತಾತ್ಕಾಲಿಕ ರಚನೆಯೂ ಕಟ್ಟಡವೇ. 2024ರ ಜನವರಿಯಲ್ಲಿ ನಿಮ್ಮ ನೆರೆಯ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಯುವಕರು ವಿದ್ಯುತ್ ತಂತಿ ತಗುಲಿ ತೀರಿಕೊಂಡರು. 2022ರ ಏಪ್ರಿಲ್‌ನಲ್ಲಿ ತಮಿಳುನಾಡಿನ ತಂಜಾವೂರು ಬಳಿಯ ಕಳಿಮೇಡಿನಲ್ಲಿ ತೇರು ಹೈಟೆನ್ಷನ್ ತಂತಿಗೆ ತಾಗಿ ಮಕ್ಕಳೂ ಸೇರಿದಂತೆ 11 ಮಂದಿ ಸತ್ತರು. ಈ ಎರಡೂ ಕಡೆ ಸತ್ತವರು ಉತ್ಸಾಹದಿಂದ, ಪ್ರೀತಿಯಿಂದ ಕೈಜೋಡಿಸಿದವರು. ಅದನ್ನು ನೆನೆದಾಗ ಮನಸ್ಸು ಕಲಕುತ್ತದೆ.

ಫ್ಲೆಕ್ಸ್ ಬಟ್ಟೆ ವಿದ್ಯುತ್ ಹರಿಸದಿದ್ದರೂ ಅದರ ಹಿಂದಿನ ಚೌಕಟ್ಟು ಕಬ್ಬಿಣದ್ದು, ಜೊತೆಗೆ ಇಡೀ ಫಲಕ ಹಾಯಿಯಂತೆ ಗಾಳಿ ತುಂಬಿಕೊಂಡು ಎಳೆಯುತ್ತದೆ. ಪೈಪಿಗೆ ಹೇಳಿದ ಲೆಕ್ಕ, ಅಂದರೆ ಪೂರ್ಣ ಎತ್ತರಕ್ಕೆ 12 ಅಡಿ ಸೇರಿಸಿದ ದೂರ, ಕಟೌಟಿಗೂ ಅನ್ವಯಿಸುತ್ತದೆ. ರಾತ್ರಿ ಕೆಲಸ ಬೇಡವೇ ಬೇಡ, ಕತ್ತಲಲ್ಲಿ ತಂತಿ ಕಾಣುವುದಿಲ್ಲ. ವಿದ್ಯುತ್ ಕಂಬಕ್ಕೆ ಬ್ಯಾನರ್ ಕಟ್ಟುವುದನ್ನಂತೂ ನಿಲ್ಲಿಸಬೇಕು.

ತೇರಿಗೆ ಮೊದಲು ಮಾಡಬೇಕಾದುದು, ಕಳಸ, ಬಾವುಟ, ಈ ವರ್ಷ ಹೊಸದಾಗಿ ಸೇರಿಸಿದ ಅಲಂಕಾರ ಎಲ್ಲವೂ ಸೇರಿದ ಎತ್ತರವನ್ನು ಅಳೆಯುವುದು. ಕಳೆದ ವರ್ಷ ತೇರು ಸುಗಮವಾಗಿ ಹೋಯಿತು ಎಂಬುದು ಈ ವರ್ಷಕ್ಕೆ ಭರವಸೆಯಲ್ಲ. ನಡುವೆ ರಸ್ತೆಗೆ ಹೊಸ ಕಾಂಕ್ರೀಟ್ ಹಾಕಿದ್ದರೆ ನೆಲ ಅರ್ಧ ಅಡಿ ಎದ್ದಿರುತ್ತದೆ. ಬೀದಿಗೆ ಅಡ್ಡಲಾಗಿ ಹೋಗುವ 11 ಕೆ.ವಿ. ತಂತಿಗೆ ನಿಯಮ ಕೇಳುವ ಎತ್ತರ 6.1 ಮೀಟರ್, ಅಂದರೆ 20 ಅಡಿ. ನಮ್ಮ ಬಹುಪಾಲು ತೇರುಗಳು ಅದಕ್ಕಿಂತ ಎತ್ತರ. ಆದ್ದರಿಂದ ತೇರಿನ ದಾರಿಯಲ್ಲಿ ಅಡ್ಡಬರುವ ಪ್ರತಿ ತಂತಿಯನ್ನೂ ಲೈನ್‌ಮ್ಯಾನ್ ಜೊತೆ ನಡೆದು ಗುರುತಿಸಿ, ಮೆರವಣಿಗೆ ಮುಗಿಯುವವರೆಗೆ ನಿಲುಗಡೆ ಇರುವಂತೆ ಲಿಖಿತವಾಗಿ ಗೊತ್ತು ಮಾಡಿಕೊಳ್ಳಿ. ತೇರು ತಡವಾದರೆ ಫೋನಿನಲ್ಲಿ ತಿಳಿಸಲು ಸಮಿತಿಯ ಒಬ್ಬರು ಲೈನ್‌ಮ್ಯಾನ್ ಪಕ್ಕದಲ್ಲಿಯೇ ಇರಲಿ. ಇದು ಬಹಳ ಮುಖ್ಯ. ಐದು ಗಂಟೆಗೆ ಮುಗಿಯಬೇಕಿದ್ದ ತೇರು ಏಳಕ್ಕೆ ಮುಗಿಯುವುದು ಎಲ್ಲ ಊರಿನಲ್ಲಿಯೂ ಇದ್ದದ್ದೇ.

ಪ್ರಶ್ನೆ: ಲೈನಿನ ಕೆಳಗೆ ಹುಲ್ಲಿನ ಬಣವೆ ಹಾಕಬಹುದೇ?

ಹಾಕಬಾರದು. ಕೃಷಿ ಉತ್ಪನ್ನ, ಮಣ್ಣಿನ ರಾಶಿ, ಕಟ್ಟಡ ಸಾಮಗ್ರಿಗಳನ್ನು ಲೈನಿನ ಕೆಳಗೆ ಒಟ್ಟುವುದನ್ನು ನಿಯಮ ನಿಷೇಧಿಸಿದೆ. ಬಣವೆ ಎದ್ದಷ್ಟೂ ಅದರ ಮೇಲೆ ನಿಂತವರು ತಂತಿಗೆ ಹತ್ತಿರವಾಗುತ್ತಾರೆ, ಕಿಡಿ ಬಿದ್ದರೆ ಬಣವೆಯೂ ಉಳಿಯುವುದಿಲ್ಲ. ಕೆರೆಮಣ್ಣು ಹೊಡೆಸಿ ಹೊಲದ ಮಟ್ಟ ಏರಿಸುವವರೂ ಇದನ್ನು ಗಮನಿಸಬೇಕು.

ಪ್ರಶ್ನೆ: ಇಷ್ಟೆಲ್ಲ ಎಚ್ಚರವಿದ್ದೂ ಕ್ರೇನ್, ಟ್ರ್ಯಾಕ್ಟರ್ ಅಥವಾ ಪೈಪ್ ತಂತಿಗೆ ತಾಗಿಬಿಟ್ಟರೆ ಹತ್ತಿರವಿದ್ದವರು ಏನು ಮಾಡಬೇಕು?

ವಾಹನದ ಒಳಗಿರುವವರು ಒಳಗೇ ಇರಬೇಕು, ಲೋಹವನ್ನು ಮುಟ್ಟದೆ ಕೂಗಿ ಎಲ್ಲರನ್ನೂ ದೂರ ಕಳುಹಿಸಬೇಕು. ಸಾಧ್ಯವಾದರೆ ಚಾಲಕರು ವಾಹನವನ್ನು ಹಿಂದೆ ಸರಿಸಿ ತಂತಿಯಿಂದ ಬಿಡಿಸಬಹುದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ವಾಹನವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಪಾದ ಜೋಡಿಸಿ ಹೊರಗೆ ಹಾರಿ, ಹಾಗೆಯೇ ಪಾದಗಳನ್ನು ಜೋಡಿಸಿಕೊಂಡು ಸಣ್ಣಸಣ್ಣ ಕುಪ್ಪಳಿಕೆಯಲ್ಲಿ ದೂರ ಸಾಗಬೇಕು. ಸುತ್ತಲಿನ ನೆಲದಲ್ಲಿಯೂ ವಿದ್ಯುತ್ ಹರಡಿರುವುದರಿಂದ, ಕಾಲು ಅಗಲಿಸಿ ಓಡಿದರೆ ಎರಡು ಪಾದಗಳ ನಡುವೆ ಅದು ಹರಿಯುತ್ತದೆ. ಹೊರಗಿನವರು ಕನಿಷ್ಠ 10 ಮೀಟರ್ ದೂರ ನಿಲ್ಲಬೇಕು.

ಬಿದ್ದವರನ್ನು ಒಣ ಕೋಲಿನಿಂದ ಬಿಡಿಸಬಹುದೆಂಬ ಪಾಠ ಮನೆಯೊಳಗಿನ ವಿದ್ಯುತ್ತಿಗೆ ಹೇಳಿದ್ದು. 11 ಕೆ.ವಿ. ಲೈನಿಗೆ ಅದು ನಡೆಯುವುದಿಲ್ಲ. ಬಿಡಿಸಲು ಹೋದ ಎರಡನೆಯವರೂ ಬೀಳುತ್ತಾರೆ. ಸದ್ದು ನಿಂತಿತು, ಕಿಡಿ ನಿಂತಿತು ಎಂದು ಹತ್ತಿರ ಹೋಗಬೇಡಿ. ಟ್ರಿಪ್ ಆದ ಲೈನನ್ನು ಉಪಕೇಂದ್ರದಿಂದ ಮತ್ತೆ ಚಾರ್ಜ್ ಮಾಡಿ ನೋಡುವುದು ವಾಡಿಕೆ. ಒಣ ನೆಲದ ಮೇಲೆ ಬಿದ್ದ ತಂತಿಯಿಂದ ಲೈನ್ ಟ್ರಿಪ್ ಆಗದೆಯೂ ಇರಬಹುದು. ಕೂಡಲೇ 1912ಕ್ಕೆ ಮತ್ತು ನಿಮ್ಮ ಲೈನ್‌ಮ್ಯಾನ್‌ಗೆ ಕರೆ ಮಾಡಿ, ಕಂಬದ ಮೇಲೆ ಬರೆದಿರುವ ಸಂಖ್ಯೆ ಅಥವಾ ಹತ್ತಿರದ ಟಿ.ಸಿ.ಯ ಗುರುತನ್ನು ಹೇಳಿ, ಜೊತೆಗೆ 108ಕ್ಕೂ ತಿಳಿಸಿ. ಲೈನ್ ಬಂದ್ ಆಗಿದೆ ಎಂದು ಕಂಪನಿಯವರು ಖಚಿತಪಡಿಸಿದ ಮೇಲೆ, ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಗಳಿಂದ ಬಲವಾಗಿ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಒತ್ತುತ್ತಾ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸದೆ ಮುಂದುವರಿಸಿ. ಹೊರಗೆ ಸಣ್ಣ ಸುಟ್ಟಗಾಯ ಮಾತ್ರ ಕಂಡು, ಎದ್ದು ಕುಳಿತು ಮಾತನಾಡುವವರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಒಳಗಿನ ಸ್ನಾಯುಗಳಿಗೂ ಹೃದಯದ ಲಯಕ್ಕೂ ಆದ ಪೆಟ್ಟು ಹೊರಗೆ ಕಾಣುವುದಿಲ್ಲ.